ಡಿಕ್ಕಿ ಕೆಳಗಿನ ಟರ್ಬೋ

ನಮ್ಮ ಮನೆಯ ಕಾರು ಸುಮ್ಮನೆ ಹೋಗಿ ಸುಮ್ಮನೆ ಬಂದ ದಿನ ನನ್ನ ನೋಟ್‌ಬುಕ್ಕಿನಲ್ಲಿ ಒಂದೂ ಇಲ್ಲ. ನಾನು ಹಿಂದೂಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವಳು. ಕಂಡದ್ದನ್ನು ಕಂಡ ಹಾಗೆ, ಕಂಡ ದಿನವೇ ಬರೆಯುವುದು, ಬರೆದದ್ದನ್ನು ಹೊಡೆದುಹಾಕದಿರುವುದು, ಇವೆರಡನ್ನು ಅಲ್ಲಿನ ಲ್ಯಾಬಿನಲ್ಲಿ ಕಲಿತೆ. ಇವತ್ತಿಗೂ ಬಿಟ್ಟಿಲ್ಲ.

ನನ್ನ ಎರಡನೇ ಮಗ ಬೇರೆಯವರ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ದುಡಿದು ಈಗ ಸ್ವಂತ ಶೆಡ್ ಹಾಕಿದ್ದಾನೆ. ಟರ್ಬೋ ಎಂದರೆ ಎಂಜಿನ್ ಬಿಡುವ ಹೊಗೆಯ ರಭಸಕ್ಕೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ, ಬಲ ಏರಿಸುವ ಪುಟ್ಟ ಯಂತ್ರ. ಎಲ್ಲರೂ ಅದನ್ನು ಬಾನೆಟ್ ಒಳಗೆ ಕೂರಿಸುತ್ತಾರೆ. ನಮ್ಮ ಹಳೇ ಕಾರಿನ ಬಾನೆಟ್ ಒಳಗೆ ಕೈ ತೂರಿಸಲೂ ಜಾಗವಿಲ್ಲ. ಆದ್ದರಿಂದ ಮಗ ಹಿಂದಿನ ಸೈಲೆನ್ಸರ್ ಬಿಚ್ಚಿ, ಅದಿದ್ದ ಜಾಗದಲ್ಲಿ, ಡಿಕ್ಕಿ ಕೆಳಗೆ, ಹಿಂದಿನ ಸೀಟಿಗೆ ತಾಗಿದ ಹಾಗೆ ಟರ್ಬೋ ಕೂರಿಸಿದ. ಅಲ್ಲಿಂದ ಎಂಜಿನ್‌ವರೆಗೆ ಗಾಳಿಗೆ ಒಂದು ಉದ್ದನೆಯ ಪೈಪು, ಎಣ್ಣೆ ವಾಪಸು ಕಳಿಸಲು ಒಂದು ಚಿಕ್ಕ ಪಂಪು.

ಕಲ್ಯಾಣದುರ್ಗದ ನಮ್ಮ ಬೀಗರು, ಅಂದರೆ ಮಗಳ ಮಾವ, ಒಂದು ಹಳೇ ಜೀಪು ಇಟ್ಟಿದ್ದಾರೆ. ಅವರು ಯಾವ ಬಿತ್ತನೆ ಬೀಜ ತಂದರೆ ಸುತ್ತಲಿನವರೂ ಅದನ್ನೇ ತರುತ್ತಾರೆ. ಅವರ ಜೀಪು ಇಂಥದೇ ಟರ್ಬೋ ಹಾಕಿಸಲು ಶೆಡ್ಡಿಗೆ ಬಂದರೆ ಹಿಂದೆಯೇ ಹತ್ತು ಜೀಪು ಬರುತ್ತವೆ, ಬರದಿದ್ದರೆ ಮಗ ಮತ್ತೆ ಪಂಕ್ಚರ್ ಹಾಕುತ್ತಾ ಕೂರಬೇಕು. ಬೀಗರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಿನ್ ಮಾತು ಬ್ಯಾಡ ಕಣಪ್ಪ. ಒಂದ್ ತಿಂಗಳು ಓಡ್ಸು, ನಿಮ್ಮಮ್ಮ ಬರೀಲಿ. ಆಯಮ್ಮ ಮಗನಿಗೋಸ್ಕರಾನೂ ಸುಳ್ಳು ಬರೆಯಲ್ಲ. ಆಮೇಲೆ ಬುಕ್ಕು, ಕಾರು ಎರಡೂ ತಗೊಂಡ್ ಬಾ."

ನಾನು ಎಡಕ್ಕೆ ಅನುಕೂಲ, ಬಲಕ್ಕೆ ಅನಾನುಕೂಲ ಎಂದು ಗೆರೆ ಎಳೆದು ಕೂತೆ.

ಪೂಜೆ ಯಾವ ಕಡೆಗೆ

ನಮ್ಮತ್ತೆಗೆ ಎಂಬತ್ತು ದಾಟಿದೆ. ಪೂಜೆಯಿಲ್ಲದೆ ಹೊಸ ಸಾಮಾನು ಹೊಸಿಲು ದಾಟುವಂತಿಲ್ಲ.

"ಹೊಸಾದು ಎಲ್ಲೈತ್ಲಾ?" ಎಂದು ಮೊಮ್ಮಗನನ್ನು ಕೇಳಿದರು.

"ಹಿಂದ್ಗಡೆ, ಕೆಳಗೈತೆ ಅಜ್ಜಿ."

"ಹಂಗಾದ್ರೆ ಪೂಜೆನೂ ಹಿಂದಕ್ಕೇ."

ಹಿಂದಿನ ಬಂಪರ್‌ಗೆ ಅರಿಶಿನ ಕುಂಕುಮ, ಹಿಂದಿನ ಗಾಲಿಗಳಿಗೆ ನಿಂಬೆಹಣ್ಣು. ದಪ್ಪನೆಯ ಚೆಂಡುಹೂವಿನ ಹಾರವೂ ಹಿಂದಕ್ಕೇ. ಟರ್ಬೋಗೆ ಗಾಳಿ ಎಳೆಯುವ ಬಾಯಿ ಬಂಪರ್ ಕೆಳಗೇ ಇದೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಮಗ ಗಾಡಿ ಸ್ಟಾರ್ಟ್ ಮಾಡಿ ಜೋರಾಗಿ ರೇಸ್ ಕೊಟ್ಟ. ಹಾರದ ತುದಿ ಸರಸರ ಒಳಗೆ ಸರಿಯಿತು, ಎಂಜಿನ್ ಕೆಮ್ಮಿ ನಿಂತಿತು. ಮಗ ಮಲಗಿಕೊಂಡು ಹೂವು ಕೀಳುತ್ತಿದ್ದರೆ ಅತ್ತೆ ಕೈಮುಗಿದು ನಿಂತಿದ್ದರು.

"ಹಾಕಿದ್ ಹೂವನ್ನ ಇಷ್ಟ್ ಬೇಗ ತಗಂಡ ದೇವ್ರನ್ನ ನಾನು ಕಂಡೇ ಇಲ್ಲ ಕಣ್ಲಾ."

ಒತ್ತಿದ್ದು ಎಲ್ಲಿ, ಬಂದದ್ದು ಎಲ್ಲಿ

ಪರಿಗಿ ಹತ್ತಿರ ಕಡಲೆಕಾಯಿ ಲಾರಿಯೊಂದು ನಮ್ಮ ಮುಂದೆ ತೆವಳುತ್ತಿತ್ತು. ಮಗ ಪಕ್ಕದಲ್ಲಿದ್ದ ನಮ್ಮ ಯಜಮಾನರಿಗೆ, "ಈಗ ನೋಡಪ್ಪ ಟರ್ಬೋನ" ಎಂದು ಆಕ್ಸಿಲರೇಟರ್ ಒತ್ತಿದ. ಏನೂ ಆಗಲಿಲ್ಲ.

"ಎಲ್ಲಿ?" ಎಂದರು ಇವರು.

"ಬತ್ತೈತೆ, ಇರು. ಪೈಪು ಉದ್ದ ಅಲ್ವಾ, ತುಂಬ್ಕೋಬೇಕು."

ಅದು ತುಂಬಿಕೊಳ್ಳುವಷ್ಟರಲ್ಲಿ ಲಾರಿ ಪಕ್ಕದ ಮಣ್ಣು ರಸ್ತೆಗೆ ತಿರುಗಿಕೊಂಡು ಹೋಯಿತು. ಆಮೇಲೆ ಖಾಲಿ ರಸ್ತೆಯಲ್ಲಿ ಹಿಂದಿನಿಂದ ಕೋಣ ಗುದ್ದಿದ ಹಾಗೆ ಕಾರು ನುಗ್ಗಿತು. ಇವರ ಕನ್ನಡಕ ಮಡಿಲಿಗೆ ಬಿತ್ತು.

"ಪರಿಗೀಲಿ ಒತ್ತಿದ್ರೆ ಮುಂದ್ಲೂರು ರೊದ್ದದಾಗೆ ಬತ್ತೈತೆ ಅಂತ ಬರ್ಕೊಳ್ಳೇ" ಎಂದರು.

"ಎರಡೇ ಸೆಕೆಂಡು ಕಣಮ್ಮ" ಎಂದ ಮಗ.

ನಾನು ಗಡಿಯಾರ ಹಿಡಿದು ಇನ್ನೊಮ್ಮೆ ಒತ್ತಿಸಿದೆ. ಬಲಗಡೆ ಬರೆದೆ: 'ತಡ ನಾಲ್ಕು ಸೆಕೆಂಡು. ಯಜಮಾನರ ಲೆಕ್ಕದಲ್ಲಿ ರೊದ್ದಂ.'

ಕಳವಿನ ಗುಮಾನಿ

ಒಂದು ದಿನ ಮಗನಿಲ್ಲದೆ ನಾನೂ ಯಜಮಾನರೂ ಇಬ್ಬರೇ ಹೋಗಿದ್ದಾಗ ಕಾರು ರಸ್ತೆ ಬದಿಯಲ್ಲಿ ಬುಸುಗುಟ್ಟಿ ನಿಂತಿತು. ಹತ್ತಿರದ ಮೆಕ್ಯಾನಿಕ್ ತೆಲುಗಿನವರು. ಟರ್ಬೋ ಗಾಡಿ ಎಂದು ನಾನು ಹೇಳಿದ ಮೇಲೆ ಬಾನೆಟ್ ಎತ್ತಿ ಬಹಳ ಹೊತ್ತು ಹುಡುಕಿದರು. ಕೊನೆಗೆ, "ಟರ್ಬೋ ಲೇದಮ್ಮಾ, ಎವರೋ ಎತ್ಕಪೋಯ್ನಾರು" ಎಂದು, ಯಾರೋ ಹೊತ್ತುಕೊಂಡೇ ಹೋಗಿದ್ದಾರೆಂದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ತಿಳಿಸಿದರು.

ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಸಡಿಲವಾಗಿದ್ದ ಪೈಪಿನ ಕ್ಲಿಪ್ಪು ಬಿಗಿದು, ಮೈ ಕೊಡವಿಕೊಂಡು ಎದ್ದು, "ಮಂಚಿದೇ ಅಮ್ಮಾ", ಒಳ್ಳೇದೇ ಆಯಿತು, ಎಂದರು. ಮೆಕ್ಯಾನಿಕ್ಕಾದ ತನಗೇ ಸಿಗದಿದ್ದುದು ಕಳ್ಳನಿಗೆ ಹೇಗೆ ಸಿಕ್ಕೀತು ಎಂಬುದು ಅವರ ವಾದ. ನ್ಯಾಯವಾಗಿತ್ತು. ಎಡಗಡೆ ಬರೆದುಕೊಂಡೆ.

ಹುರುಳಿ ಒಕ್ಕಣೆ

ರೊದ್ದಂ ಕಡೆ ಒಕ್ಕಣೆಯ ಕಾಲದಲ್ಲಿ ರಸ್ತೆಯೇ ಕಣ. ಹುರುಳಿ ಗಿಡ ಹರಡಿದರೆ ಬರುವ ಹೋಗುವ ಗಾಡಿಗಳು ತುಳಿದುಕೊಡುತ್ತವೆ. ನಮ್ಮ ಕಾರು ಅದರ ಮೇಲೆ ಹೋದದ್ದೇ ತಡ, ಹಿಂದಿನ ಹೊಗೆಯ ರಭಸಕ್ಕೆ ಹೊಟ್ಟೆಲ್ಲ ಹಾರಿ ಕಾಳು ಮಾತ್ರ ಉಳಿಯಿತು. ಹೊಲದ ಯಜಮಾನಿ ಓಡಿ ಬಂದು ಅಡ್ಡ ನಿಂತಳು.

"ಒಳ್ಳೇ ಗಾಳಿ ಕಣಪ್ಪ. ನಿಲ್ಲಿಸ್ಬ್ಯಾಡ, ಇನ್ನೊಂದ್ ಸಾರಿ ಹಿಂದಕ್ಕೆ ಬಾ."

ಹೊಗಳಿಕೆ ಎಂದರೆ ನನ್ನ ಮಗನಿಗೆ ಬ್ರೇಕ್ ಇಲ್ಲ. ಅರ್ಧ ಗಂಟೆ ಹಿಂದಕ್ಕೂ ಮುಂದಕ್ಕೂ ಓಡಿಸಿದ. ಹಾರಿದ ಹೊಟ್ಟನ್ನೆಲ್ಲ ಟರ್ಬೋದ ಬಾಯಿ ಎಳೆದುಕೊಂಡಿತು. ಫಿಲ್ಟರ್ ಬಿಚ್ಚಿ ಒದರಲು ಒಂದು ಗಂಟೆ ಹಿಡಿಯಿತು. ಮೈಯೆಲ್ಲ ಹೊಟ್ಟಾಗಿ ಕೂತವನ ಹತ್ತಿರ ಆಕೆ ಬಂದು ಕೇಳಿದಳು: "ನಾಳೀಕೆ ಎಷ್ಟೊತ್ತಿಗೆ ಬತ್ತೀಯಪ್ಪ? ಇನ್ನೂ ಎರಡು ಬಂಡಿ ಐತೆ."

ಬೀಗರ ತೀರ್ಪು

ತಿಂಗಳು ತುಂಬಿತು. ಎಡಗಡೆ ಐದು ಸಾಲು, ಬಲಗಡೆ ಒಂಬತ್ತು. ಕಲ್ಯಾಣದುರ್ಗಕ್ಕೆ ಹೊರಡುವ ಮುಂಚೆ ಮಗ ಮೆಲ್ಲಗೆ, "ಆ ನಾಲ್ಕು ಸೆಕೆಂಡು ಒಂದನ್ನ ಹೊಡೆದಾಕಮ್ಮ" ಎಂದ. ನಾನು ಹೇಳಿದೆ: "ಒಂದು ಸಾಲು ಹೊಡೆದರೆ ಉಳಿದ ಹದಿಮೂರನ್ನೂ ಅವರು ನಂಬಲ್ಲ ಕಣಪ್ಪ."

ಬೀಗರು ಜಗಲಿ ಮೇಲೆ ಕೂತು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದರು. ಬುಕ್ಕು ಮುಚ್ಚಿ, "ಬೀಗಿತ್ತಿಯವ್ರೇ, ನೀವು ಬರೆದಿರೋದು ನೋಡಿದ್ರೆ ನನ್ ಜೀಪು ಹಿಂಗೇ ಇರೋದೇ ವಾಸಿ" ಎಂದರು.

ಮಗನ ಮುಖ ಬಾಡಿತು. "ಒಂದ್ ಸುತ್ತು ಕೂತ್ಕೊಂಡಾದ್ರೂ ನೋಡಿ ಮಾವ" ಎಂದ.

ಹಿರಿಯರು ಹಿಂದಿನ ಸೀಟಿನಲ್ಲೇ ಕೂರಬೇಕೆಂಬುದು ಆ ಮನೆಯ ಪದ್ಧತಿ. ಸೊಂಟ ಹಿಡಿದುಕೊಂಡು, ಬಗ್ಗಿದ ಬೆನ್ನಿನಲ್ಲೇ ಹತ್ತಿ ಸರಿಯಾಗಿ ಟರ್ಬೋ ಮೇಲೆ ಕೂತರು. ಅದರ ಕಾವು ಮೇಲೇರದಂತೆ ಅಡ್ಡ ಇರುವ ತಗಡನ್ನು, ಗಡಗಡ ಸದ್ದು ಮಾಡುತ್ತದೆಂದು, ಮಗ ಆವತ್ತು ಬೆಳಗ್ಗೆಯೇ ಬಿಚ್ಚಿಟ್ಟಿದ್ದ. ನಾಲ್ಕು ಮೈಲಿ ಹೋಗುವಷ್ಟರಲ್ಲಿ ಬೀಗರು ಆ ಕಡೆ ಈ ಕಡೆ ಸರಿದಾಡಿದರು.

"ಇದೇನಪ್ಪ, ಕೆಳಗಿಂದ ಬಿಸಿ ಬತ್ತೈತೆ?"

ನಾನು ಪಕ್ಕದಲ್ಲೇ ಕೂತು ಬಲಗಡೆ ಹತ್ತನೇ ಸಾಲು ಬರೆದೆ: 'ಹಿಂದಿನ ಸೀಟು ಕಾಯುತ್ತದೆ.' ಮಗ ಕನ್ನಡಿಯಲ್ಲಿ ಅದನ್ನು ನೋಡಿ, "ವಾಪಸ್ ತಿರುಗಿಸ್ತೀನಿ ಮಾವ" ಎಂದ.

"ಬ್ಯಾಡ. ಹೋಗು, ಇನ್ನೊಂದ್ ಸ್ವಲ್ಪ ದೂರ."

ಒಂದು ಗಂಟೆ ಸುತ್ತಿಸಿದ ಮೇಲೆ ಬೀಗರು ಮನೆ ಮುಂದೆ ಇಳಿದರು. ಬಾಗಿಲು ಹಿಡಿದುಕೊಳ್ಳಲಿಲ್ಲ, ಸೊಂಟಕ್ಕೆ ಕೈ ಕೊಡಲಿಲ್ಲ, ತೆಂಗಿನ ಮರದ ಹಾಗೆ ನೆಟ್ಟಗೆ ನಿಂತರು. ಬಾಗಿಲಲ್ಲಿದ್ದ ಅವರ ಹೆಂಡತಿ ಯಾರು ಬಂದರೋ ಎಂಬಂತೆ ನೋಡಿದರು.

"ನಾಳೇನೇ ಜೀಪು ತಗೊಂಡೋಗು" ಎಂದರು ಬೀಗರು.

ಮಗ ಹಿಗ್ಗಿ, ಬಲ ಎಷ್ಟು ಏರುತ್ತದೆ, ವೇಗ ಎಷ್ಟು ಬರುತ್ತದೆ ಎಂದು ಶುರುಮಾಡಿದ.

"ಸ್ಪೀಡು ಯಾರಿಗ್ ಬೇಕಪ್ಪ. ಎಂಜಿನ್ನಿಗೆ ಗಾಳಿ ಹೋದ್ರೂ ಸರಿ, ಹೋಗದಿದ್ರೂ ಸರಿ. ನಾನ್ ಕೂರೋ ಕಡೆ ಆ ಬಿಸಿ ಬರೋ ಹಂಗೆ ಕೂರ್ಸು" ಎಂದು ಒಳಗೆ ನಡೆದವರು, ಹೊಸಿಲಿನಿಂದ ತಿರುಗಿ ಬಂದರು.

"ಮುಂದಿನ ಸೀಟಿನ ಕೆಳಗೂ ಒಂದ್ ಹಾಕ್ಬುಡು. ನಮ್ಮನೇವ್ಳಿಗೆ ಮಂಡಿ ನೋವೈತೆ."