ಸಿರಿಗೇರಿ ಸುಂಕಪ್ಪನ ವಾಟ್

ಸಿರಿಗೇರಿಯ ಸುಂಕಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಪದದ್ದು. ಅದು 'ವಾಟ್'. ಯುದ್ಧದ ಕಾಲದಲ್ಲಿ ಬಳ್ಳಾರಿಯ ಬಿಳಿ ಸಾಹೇಬನೊಬ್ಬನ ಅಡಿಗೆಮನೆಯಲ್ಲಿ ಎರಡು ವರ್ಷ ಪಾತ್ರೆ ತಿಕ್ಕಿ ಅವನು ಸಂಪಾದಿಸಿದ್ದು ಅಷ್ಟೇ. ಆದರೆ ಆ ಒಂದು ಪದದ ಮಹಿಮೆಯನ್ನು ಏನೆಂದು ಹೇಳುವುದು! ಸಾರು ಸೀದರೆ ಸಾಹೇಬ ಗೋಡೆ ನಡುಗುವಂತೆ 'ವಾಟ್' ಅನ್ನುತ್ತಿದ್ದ. ಮಾವಿನಹಣ್ಣು ಸಿಹಿಯಾಗಿದ್ದರೆ ಅದನ್ನೇ ಎಳೆದು, ಹಿಂದೆ ಇನ್ನೆರಡು ಪದ ಸೇರಿಸಿ ಕಣ್ಣು ಮುಚ್ಚುತ್ತಿದ್ದ. ತಮ್ಮ ಸತ್ತನೆಂದು ತಂತಿ ಬಂದ ದಿನವೂ ಕುರ್ಚಿಗೆ ಕುಸಿದು ಅಂದದ್ದು ಅದೇ ಮಾತು, ಉಸಿರಿನಷ್ಟು ಮೆಲ್ಲಗೆ. ಬಾಗಿಲ ಮರೆಯಲ್ಲಿದ್ದ ಸುಂಕಪ್ಪ ಅದನ್ನೂ ಕೇಳಿಸಿಕೊಂಡಿದ್ದ. ಸಿಟ್ಟು, ಸಂತೋಷ, ಸಂಕಟ ಎಲ್ಲಕ್ಕೂ ಒಂದೇ ಪದ ಸಾಕಾಗುವುದಾದರೆ ಅದೆಂಥ ಭಾಷೆಯೋ ಎಂದು ಅವನು ಇಂದಿಗೂ ಬೆರಗಾಗುತ್ತಿದ್ದ.

ಊರಿಗೆ ಬಂದು ಅದನ್ನು ಅಷ್ಟೂ ಬಗೆಯಲ್ಲಿ ಆಡಿ ತೋರಿಸಿದ ಮೇಲೆ ಬೆರಗು ಊರಿಗೂ ಹತ್ತಿತು. ಸುಂಕಪ್ಪನಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು ಎಂಬ ಮಾತು ಹಬ್ಬಿತು. ಅವನು ಅಲ್ಲವೆನ್ನಲಿಲ್ಲ, ಅನ್ನಬೇಕಿತ್ತು.

ತುಂಗಭದ್ರೆಗೆ ಅಣೆಕಟ್ಟು ಏಳುತ್ತಿದ್ದ ಆ ವರ್ಷ, ಕಾಲುವೆಗೆ ಗುರುತು ಹಾಕಲು ಇಂಜಿನಿಯರ್ ಸಾಹೇಬರು ಊರ ಹೊರಗೆ ಡೇರೆ ಹಾಕಿದರು. ಸುಂಕಪ್ಪನ ಮೂರೆಕರೆ ಹೊಲದ ನಡುವೆ ಅವನೇ ಕೈಯಾರೆ ತೋಡಿದ ಬಾವಿ ಇತ್ತು. ಕಾಲುವೆ ಆ ಬಾವಿಯ ಮೇಲೇ ಹೋಗುತ್ತದೆಂದು ಒಂದು ಬೆಳಿಗ್ಗೆ ಸುದ್ದಿ ಬಂತು. ಹೊಲದಲ್ಲಿ ಅಳೆಯುತ್ತಿದ್ದವರ ಕಾಲು ಹಿಡಿಯೋಣವೆಂದು ಓಡಿದ ಸುಂಕಪ್ಪನನ್ನು ಪಕ್ಕದ ಮನೆಯ ಹೊನ್ನೂರಪ್ಪ ಅಡ್ಡಗಟ್ಟಿದ.

"ಇಂಗ್ಲಿಷ್ ಬಲ್ಲವ ನೀನು, ಆಳುಗಳ ಕಾಲು ಹಿಡಿಯಾಕ ಹೊಂಟೀಯೇನಲೇ? ಸೀದಾ ಡೇರೆಕ್ಕ ನಡಿ. ಸಾಹೇಬರಿಗೆ ಅವರ ಭಾಷಾದಾಗ ಹೇಳಿದ್ರ ಕೆಲಸ ಆಗ್ತೈತಿ."

ಹೊಲಕ್ಕೇ ಹೋಗೆಂದು ಹೆಂಡತಿ ಹುಲುಗಮ್ಮ ಗೋಗರೆದಳು. ಕೇಳುವವರು ಯಾರು? ಒಬ್ಬರು ರುಮಾಲು ಸುತ್ತಿದರು, ಇನ್ನೊಬ್ಬರು ಯಾರದೋ ಮದುವೆಯ ಕೋಟು ತಂದು ತೊಡಿಸಿದರು. ಅದರ ತೋಳು ಮೊಣಕೈಗೇ ನಿಂತಿತು. ಮದುಮಗನ ಹಿಂದೆ ದಿಬ್ಬಣ ಹೊರಟಂತೆ ಅರ್ಧ ಊರು ಅವನ ಹಿಂದೆ ಹೊರಟಿತು.

ಡೇರೆಯ ಮುಂದೆ ಖಾಕಿ ಬಟ್ಟೆ, ದೊಡ್ಡ ಬಿಳಿ ಟೋಪಿಯ ದೊರೆಯೊಬ್ಬ ಕಾಲ ಮೇಲೆ ಕಾಲು ಹಾಕಿ ಕುರ್ಚಿಯಲ್ಲಿ ಕೂತಿದ್ದ. ಜನರನ್ನು ಕಂಡು ಗತ್ತಿನಿಂದ "ವಾಟ್?" ಎಂದ. ಸುಂಕಪ್ಪನಿಗೆ ಹೋದ ಜೀವ ಬಂದಂತಾಯಿತು. ಹೊಲದ ಕಡೆ ಕೈ ತೋರಿಸಿ, ತಂತಿ ಬಂದ ದಿನದ 'ವಾಟ್' ಅಂದ. ದೊರೆ ಹುಬ್ಬು ಗಂಟಿಕ್ಕಿ ಖಾರವಾಗಿ ಅದನ್ನೇ ಅಂದ. ಸುಂಕಪ್ಪ ಬಿಡಲಿಲ್ಲ, ಸೀದ ಸಾರಿನದನ್ನು ಹೊರತೆಗೆದ. ದೊರೆ ಸ್ವಲ್ಪ ತಗ್ಗಿದ. ಹೀಗೆ ಏರಿಸಿ ಇಳಿಸಿ, ಬಿಸಿಲು ನೆತ್ತಿಗೆ ಬರುವವರೆಗೂ ಇಬ್ಬರೂ ಆ ಒಂದೇ ಪದದಲ್ಲಿ ವಾದ ಮಾಡಿದರು. ಕೊನೆಗೆ ದೊರೆ ಮಾವಿನಹಣ್ಣಿನಷ್ಟು ಸಿಹಿಯಾಗಿ "ವಾಟ್" ಎಂದು ಎದ್ದು ಕೈ ಕುಲುಕಿದ. ಊರವರು ತೆರೆದ ಬಾಯಿ ಮುಚ್ಚಿರಲಿಲ್ಲ. ಬಾವಿ ಉಳಿಯಿತೆಂದು ಸುಂಕಪ್ಪನ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಹೊಲದ ಕಡೆಯಿಂದ, ಪಂಚೆ ಎತ್ತಿ ಕಟ್ಟಿ, ಮೊಣಕಾಲವರೆಗೂ ಮಣ್ಣು ಮಾಡಿಕೊಂಡ ಒಬ್ಬರು ನಕ್ಷೆ ಹಿಡಿದು ಬಂದರು. ದೊರೆ ಗಡಬಡಿಸಿ ಟೋಪಿ ತೆಗೆದು ಅವರ ಕೈಗಿತ್ತ.

"ನನ್ನ ಟೋಪಿ ನಿನ್ನ ತಲಿಮ್ಯಾಲ ಯಾಕೈತೋ ಎರ್ರಣ್ಣ? ಅಡಿಗಿ ಆತೇನು?" ಎಂದರು ಅವರು. ಎರ್ರಣ್ಣ ಅಡಿಗೆಯವನು, ಬಂದವರೇ ಇಂಜಿನಿಯರು.

ಅವರು ಜನರ ಕಡೆ ತಿರುಗಿ ಬಾವಿ ಇರುವ ಹೊಲ ಯಾರದೆಂದು ಕೇಳಿದರು. ಸುಂಕಪ್ಪ ಕೈ ಎತ್ತಿದ.

"ಮುಂಜಾನಿಂದ ನಿಮಗ ಕಾದೆನಲ್ರೀ. ಬಾವಿ ಐತಿ, ಬ್ಯಾಡ್ರಿ ಅಂತ ಒಂದು ಮಾತು ಅಂದಿದ್ರ ಕಾಲುವಿನ ಆ ಬದಿಗೆ ಸರಿಸ್ತಿದ್ದೆ, ಜಾಗ ಇತ್ತು. ಈಗ ಕಲ್ಲು ನಟ್ಟಾತು, ನಕ್ಷಾನೂ ಮುಗೀತು."

ಸುಂಕಪ್ಪ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಹೊಲದ ಕಡೆ ತಿರುಗಿದ. ಹೊನ್ನೂರಪ್ಪ ಮಾತ್ರ ಸುಂಕಪ್ಪನಿಗೇ ಕೈ ಮುಗಿದು ನಿಂತಿದ್ದ.

"ನೋಡಿದ್ರೇನು? ಸುಂಕಪ್ಪನ ಇಂಗ್ಲಿಷ್ ತಡಿಯಾಕ ಆಗಲಾರದ ಇಂಜಿನಿಯರ್ ಸಾಹೇಬರೇ ಕನ್ನಡಕ್ಕ ಇಳಿದ್ರು" ಎಂದ. ಊರವರು ಹೌದು ಹೌದೆಂದು ತಲೆಯಾಡಿಸಿದರು. ಹೊನ್ನೂರಪ್ಪ ಸುಂಕಪ್ಪನ ಕಡೆ ತಿರುಗಿದ. "ನಾಳೆ ನನ್ನ ಹೊಲ ಅಳೀತಾರಪ್ಪ. ನನ್ನ ಕಡಿಂದ ನೀನೇ ಮಾತಾಡಬೇಕು."

ಸುಂಕಪ್ಪ ಅಷ್ಟೂ ಕಣ್ಣುಗಳನ್ನು ನೋಡಿದ. ಬಾವಿಯಂತೂ ಹೋಗಿತ್ತು. ಅದರ ಜೊತೆ ಇಂಗ್ಲಿಷನ್ನೂ ಕಳೆದುಕೊಳ್ಳಲು ಅವನಿಗೆ ಧೈರ್ಯ ಸಾಲಲಿಲ್ಲ. ಬರುತ್ತೇನೆ ಎಂದುಬಿಟ್ಟ.