ಸಾಹೇಬರು ಒಬ್ಬರೇ ಹೊರಟರು

ನಮ್ಮ ಸೇವಾ ಕ್ಲಬ್ಬಿನಲ್ಲಿ ಯಾವ ಕೆಲಸವೂ ನೆಟ್ಟಗೆ ನಡೆದದ್ದಿಲ್ಲ. ಹಾಗಂತ ಯಾವುದೂ ನಿಂತುಹೋದದ್ದೂ ಇಲ್ಲ. ನಡುವೆ ಏನೋ ಒಂದು ಎಡವಟ್ಟಾಗುತ್ತೆ, ಮುಂದಿನ ತಿಂಗಳ ಸಭೆಯಲ್ಲಿ ಅದನ್ನೇ ಹೇಳಿಕೊಂಡು ನಗುತ್ತೇವೆ.

ನಾನು ಪ್ರವಾಸದ ಕಂಪನಿಯೊಂದರಲ್ಲಿ ಬಹಳ ವರ್ಷ ಟೂರ್ ಮ್ಯಾನೇಜರ್ ಆಗಿದ್ದವಳು. ಬಸ್ಸುಗಟ್ಟಲೆ ಜನರನ್ನು ಪುಳಿಯೋಗರೆ ಗೊಜ್ಜಿನ ಸಮೇತ ಯುರೋಪು ಸುತ್ತಿಸಿ, ಒಬ್ಬರನ್ನೂ ಕಳೆಯದೆ ವಾಪಸ್ ತಂದವಳು. ನಿವೃತ್ತಿಯಾದ ಮೇಲೆ ಬಸವೇಶ್ವರನಗರದ ಮನೆಯಲ್ಲಿ ಒಂದು ವಾರ ಸುಮ್ಮನೆ ಕೂತೆ. ಆಮೇಲೆ ಕಾಲು ಕೇಳಲಿಲ್ಲ. ಪಕ್ಕದ ಮನೆಯವರು ಕ್ಲಬ್ಬಿಗೆ ಎಳೆದುಕೊಂಡು ಹೋದರು.

ಕ್ಲಬ್ಬಿನ ವಿಜಯನಗರದ ಕಟ್ಟಡದಲ್ಲಿ ಆಟಿಸಂ ಇರುವ ವಯಸ್ಕರಿಗೆ ಒಂದು ಕೆಲಸದ ಕೇಂದ್ರ ಇದೆ. ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಿಂದ ಸ್ಕ್ರೂ, ನಟ್ಟು, ವಾಷರುಗಳು ಮೂಟೆಯಲ್ಲಿ ಬರುತ್ತವೆ. ಇಲ್ಲಿ ಅಳತೆ ನೋಡಿ ವಿಂಗಡಿಸಿ, ಪೊಟ್ಟಣ ಕಟ್ಟಿ ಕಳಿಸುತ್ತಾರೆ. ವಿಂಗಡಿಸುವ ಮೇಜಿನ ಯಜಮಾನರು ನಂದಿನಿ ಲೇಔಟಿನ, ಮೂವತ್ತನಾಲ್ಕು ವರ್ಷದ ಒಬ್ಬರು. ಅವರ ಕುರ್ಚಿಯಲ್ಲಿ ಬೇರೆಯವರು ಕೂರುವಂತಿಲ್ಲ, ಅವರ ಮೇಜಿನ ಮೇಲೆ ಬ್ಯಾಗು ಇಡುವಂತಿಲ್ಲ, ಮಧ್ಯೆ ಮಾತಾಡಿಸುವಂತಿಲ್ಲ. ಸಮಯಕ್ಕೆ ಸರಿಯಾಗಿ ಬರುವುದೊಂದನ್ನು ಬಿಟ್ಟರೆ ಎಲ್ಲಾ ದೊಡ್ಡ ಅಧಿಕಾರಿಗಳ ಲಕ್ಷಣ. ಹಾಗಾಗಿ ಕೇಂದ್ರದಲ್ಲಿ ಎಲ್ಲರಿಗೂ ಅವರು 'ಸಾಹೇಬರು'.

ಮುದ್ದು ಮಕ್ಕಳು

ವಾರ್ಷಿಕೋತ್ಸವಕ್ಕೆ ಒಬ್ಬ ಯುವ ನಾಯಕರು ಮುಖ್ಯ ಅತಿಥಿ. ಬರುವ ಚುನಾವಣೆಗೆ ನಿಲ್ಲುವವರು. ಬಲೂನು, ಚಾಕೊಲೇಟು, ಬಣ್ಣದ ಪೆನ್ಸಿಲು ಎಲ್ಲಾ ಹೊರಿಸಿಕೊಂಡು ಬಂದರು. ಮೈಕು ಹಿಡಿದು "ಎಲ್ಲಾ ಮುದ್ದು ಮಕ್ಕಳಿಗೂ ನನ್ನ ನಮಸ್ಕಾರ" ಅಂದರು. ಮುಂದಿನ ಸಾಲಿನಲ್ಲಿದ್ದ ಬಿಳಿ ಗಡ್ಡದವರೊಬ್ಬರು ಮಕ್ಕಳೆಲ್ಲಿದ್ದಾರೆ ಅಂತ ಹಿಂದೆ ತಿರುಗಿ ನೋಡಿದರು.

ನಾಯಕರು ಇಳಿದು ಬಂದು ಸಾಹೇಬರ ಮುಂದೆ ಬಗ್ಗಿ, "ಎಷ್ಟನೇ ಕ್ಲಾಸು ಪುಟ್ಟಾ?" ಅಂದರು.

"ಓದು ಮುಗೀತು. ಮೆಕ್ಯಾನಿಕಲ್ ಡಿಪ್ಲೊಮಾ. ನೀವು ಎಷ್ಟು ಓದಿದೀರಿ?"

ನಾಯಕರು ಕೈಯಲ್ಲಿದ್ದ ಮೈಕನ್ನು ನೋಡಿದರು. ಅದು ಆನ್ ಆಗಿತ್ತು. "ಪಿಯುಸಿ... ಮಧ್ಯದಲ್ಲೇ ಸಮಾಜ ಸೇವೆ ಕರೀತು" ಅಂದವರೇ, ಮಾತು ಬದಲಿಸಲು, "ನಿಮಗೇನು ಬೇಕು ಹೇಳಿ ಸಾರ್, ಮಾಡಿಸಿಕೊಡ್ತೀನಿ" ಅಂದರು. 'ಪುಟ್ಟ' ಈಗ 'ಸಾರ್' ಆಗಿದ್ದರು.

"ಮನೆಯಿಂದ ಇಲ್ಲಿಗೆ ನಾನೊಬ್ನೇ ಮೆಟ್ರೋದಲ್ಲಿ ಬರ್ಬೇಕು. ಅಮ್ಮ ಜೊತೆಗೆ ಬರಬಾರದು."

ಹಿಂದಿನ ಸಾಲಿನಲ್ಲಿ ಕೂತು ಆಹ್ವಾನ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಅವರ ತಾಯಿಯ ಕೈ ನಿಂತಿತು.

"ಖಂಡಿತ. ಮುಖ್ಯಮಂತ್ರಿಗಳ ಗಮನಕ್ಕೆ ತರ್ತೀನಿ."

"ಅಮ್ಮನ ಗಮನಕ್ಕೆ ತನ್ನಿ" ಅಂದರು ಸಾಹೇಬರು.

ಚಕ್ಕುಲಿ

ಅಮ್ಮನ ಗಮನಕ್ಕೆ ತರುವ ಕೆಲಸ ನನ್ನ ತಲೆಗೆ ಬಂತು. ತಾಯಿ ದಾವಣಗೆರೆ ಕಡೆಯವರು, ನಿವೃತ್ತ ಟೀಚರ್. ದಿನಾ ಮಗನ ಜೊತೆ ಬಂದು, ಸಂಜೆವರೆಗೆ ಕೇಂದ್ರದ ಮೆಟ್ಟಿಲ ಹತ್ತಿರ ಕಾದಿದ್ದು, ಕರೆದುಕೊಂಡು ಹೋಗುವವರು.

"ಗೊತ್ತಿರೋ ದಾರೀಲಿ ಅವನು ನನಗಿಂತ ಚೆನ್ನಾಗಿ ಹೋಗ್ತಾನ್ರೀ ಮೇಡಂ" ಅಂದರು. "ಅಂದ್ಕೊಂಡ ಹಾಗೆ ಆಗ್ಲಿಲ್ಲ ಅಂದ್ರೆ? ರೈಲು ನಿಂತ್ರೆ? ಯಾವುದೋ ಬಾಗಿಲು ಮುಚ್ಚಿದ್ರೆ? ಕಿವಿ ಮುಚ್ಕೊಂಡು ಅಲ್ಲೇ ಕೂತ್ಬಿಡ್ತಾನೆ. ಆಗ ಯಾರು ಎಬ್ಬಿಸ್ತಾರೆ ಹೇಳ್ರಿ?"

ಮೊದಲು ದಾರಿ ಅಭ್ಯಾಸ ಮಾಡಿಸ್ತೀನಿ, ಆಮೇಲೆ ನೋಡೋಣ ಅಂದೆ.

ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿ ಹತ್ತಬೇಕು, ಮೆಜೆಸ್ಟಿಕ್‌ನಲ್ಲಿ ಇಳಿದು ರೈಲು ಬದಲಾಯಿಸಬೇಕು, ವಿಜಯನಗರದಲ್ಲಿ ಇಳಿಯಬೇಕು. ಮೊದಲ ದಿನವೇ ತಿಳಿಯಿತು, ಇಲ್ಲಿ ಕಲಿಯಬೇಕಾದವಳು ನಾನು. ಎಸ್ಕಲೇಟರಿನಲ್ಲಿ ಅಡ್ಡ ನಿಂತರೆ ಸಾಹೇಬರು ಸರಿಯಿರಿ ಅಂತಾರೆ, ಹಳದಿ ಗೆರೆ ದಾಟಿದರೆ ಹಿಂದೆ ಬನ್ನಿ ಅಂತಾರೆ. ರೈಲಿನಲ್ಲಿ ಸೀಟು ಸಿಕ್ಕಿತು ಅಂತ ಖುಷಿಯಾಗಿ ಚೀಲದಿಂದ ಚಕ್ಕುಲಿ ತೆಗೆದೆ.

"ಇಲ್ಲಿ ತಿನ್ನಬಾರದು ಮೇಡಂ."

"ಯಾರು ನೋಡ್ತಾರೆ ಬಿಡಿ" ಅಂತ ಮುರಿದೆ. ಸ್ವಿಟ್ಜರ್‌ಲ್ಯಾಂಡಿನ ರೈಲಿನಲ್ಲಿ ಚಪಾತಿ ಉಪ್ಪಿನಕಾಯಿ ಬಡಿಸಿದವಳಿಗೆ ಇದು ಯಾವ ಲೆಕ್ಕ!

ಮೆಜೆಸ್ಟಿಕ್‌ನಲ್ಲಿ ಸೆಕ್ಯುರಿಟಿಯವರು ನನ್ನ ಸೀರೆಯ ಮೇಲಿನ ಚೂರುಗಳನ್ನು ನೋಡಿ, "ಟ್ರೈನಲ್ಲಿ ತಿಂಡಿ ತಿಂದ್ರಾ ಮೇಡಂ?" ಅಂದರು. ನಾನು ಇಲ್ಲಪ್ಪ ಅನ್ನುವಷ್ಟರಲ್ಲಿ ಸಾಹೇಬರು, "ಹೌದು. ಒಂದೂವರೆ ಚಕ್ಕುಲಿ. ಇನ್ನರ್ಧ ಚೀಲದಲ್ಲಿದೆ" ಅಂದರು.

ಸೆಕ್ಯುರಿಟಿಯವರು ನನ್ನನ್ನು ನೋಡಿದರು, ಸಾಹೇಬರನ್ನು ನೋಡಿದರು. ಆಮೇಲೆ ಸಾಹೇಬರ ಹೆಗಲ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಅಣ್ಣಾ, ವಯಸ್ಸಾದವರನ್ನ ಕರ್ಕೊಂಡು ಬರುವಾಗ ನೀವೇ ಸ್ವಲ್ಪ ನೋಡ್ಕೋಬೇಕು."

ಗುಪ್ತಚರ ದಳ

ಎರಡು ತಿಂಗಳಾದ ಮೇಲೆ ತಾಯಿ ಒಂದು ಪರೀಕ್ಷೆಗೆ ಒಪ್ಪಿದರು. ಸಾಹೇಬರು ಒಬ್ಬರೇ ಬರುವುದು, ನಾನು ಕಾಣದ ಹಾಗೆ ಪಕ್ಕದ ಬೋಗಿಯಲ್ಲಿರುವುದು, ತಾಯಿ ಮನೆಯಲ್ಲೇ ಇರುವುದು. ಗುಟ್ಟಾಗಿರಲಿ ಅಂತ ಕ್ಲಬ್ಬಿನಲ್ಲಿ ಹೇಳಿದೆ. ಕ್ಲಬ್ಬಿನಲ್ಲಿ ಗುಟ್ಟು ಅಂದರೆ ಎಲ್ಲರಿಗೂ ಬೇರೆ ಬೇರೆಯಾಗಿ ಗೊತ್ತಿರುವುದು.

ಮೆಜೆಸ್ಟಿಕ್‌ನಲ್ಲಿ ಇಳಿದು ಒಂದು ಕಂಬದ ಹಿಂದೆ ನಿಂತೆ. ಅಲ್ಲಿ ಆಗಲೇ ಒಬ್ಬರು ನಿಂತಿದ್ದರು. ಸುಡು ಬೇಸಿಗೆಯಲ್ಲಿ ಮಂಕಿ ಟೋಪಿ! ನಮ್ಮ ಖಜಾಂಚಿ.

"ನೀವ್ಯಾಕ್ರೀ ಇಲ್ಲಿ?"

"ಶ್! ನೀವೊಬ್ರೇ ಹೆಂಗ್ ನಿಭಾಯಿಸ್ತೀರಿ ಅಂತ ಬಂದೆ."

ಮುಂದಿನ ಕಂಬದ ಬಳಿ ಯಾರೋ ಹೆಂಗಸು, ನೆಲದೊಳಗಿನ ನಿಲ್ದಾಣದಲ್ಲಿ, ಕೊಡೆ ಬಿಚ್ಚಿ ಮುಖ ಮುಚ್ಚಿಕೊಂಡು ನಿಂತಿದ್ದರು. ನಮ್ಮ ಉಪಾಧ್ಯಕ್ಷೆ. ಅವರ ಬೆನ್ನ ಹಿಂದೆ ತಲೆ ತುಂಬ ಸೆರಗು ಹೊದ್ದು ಬಗ್ಗಿ ನೋಡುತ್ತಿದ್ದವರು, ಮನೆಯಲ್ಲೇ ಇರಬೇಕಾದ ತಾಯಿ.

ವಿಜಯನಗರದ ಕಡೆಯ ರೈಲು ಬಂತು. ಸಾಹೇಬರು ಹತ್ತುವ ಮೊದಲು ನಿಂತು ನಮ್ಮ ಕಡೆ ತಿರುಗಿದರು. "ಟೋಪಿ ಸಾರ್, ರೈಲು ಬಂತು. ಆಂಟಿ, ಕೊಡೆ ಮಡಚಿ. ಅಮ್ಮಾ, ನೀನೂ ಬಾ. ಬೇಗ."

ಎಲ್ಲರೂ ತೆಪ್ಪಗೆ ಹತ್ತಿದೆವು. ಬಾಗಿಲು ಮುಚ್ಚುವಾಗ ನನ್ನ ಫೋನು ಬಡಿದುಕೊಂಡಿತು. ಕ್ಲಬ್ಬಿನ ಅಧ್ಯಕ್ಷರು, ಜೀವನದಲ್ಲಿ ಕಾರು ಬಿಟ್ಟು ಕೆಳಗಿಳಿಯದವರು. "ಮೇಡಂ, ನಾನೂ ಕಾರಲ್ಲಿ ಮೆಟ್ರೋನ ಫಾಲೋ ಮಾಡ್ತಾ ಇದ್ದೆ. ಅದು ನೆಲದೊಳಗೆ ಹೋಗ್ಬಿಡ್ತು. ಈಗೇನ್ ಮಾಡ್ಲಿ?"

ಹಸಿರು ಬಾವುಟ

ಅಷ್ಟು ಜನರಲ್ಲಿ ಒಬ್ಬರನ್ನೂ ಕಳೆಯದೆ ಮಗ ಕರೆತಂದದ್ದು ನೋಡಿ ತಾಯಿ ತಮ್ಮ ಹಟದಿಂದ ಒಂದು ಮೆಟ್ಟಿಲು ಇಳಿದರು. "ಸೋಮವಾರ ಒಬ್ಬನೇ ಬರ್ಲಿ. ಯಾರೂ ಹಿಂದೆ ಹೋಗೋದು ಬೇಡ, ನಾನೂ ಹೋಗಲ್ಲ. ಆದರೆ ಏನಾದ್ರೂ ಹೆಚ್ಚುಕಮ್ಮಿ ಆಗಿ ಅವನು ಕಂಗಾಲಾದ್ನೋ, ಮತ್ತೆ ಈ ಮಾತು ಎತ್ತಬಾರ್ದು."

ಇಷ್ಟಕ್ಕೆ ಸುಮ್ಮನಿದ್ದರೆ ಅದು ನಮ್ಮ ಕ್ಲಬ್ಬಲ್ಲ. ಸೋಮವಾರ ಬೆಳಿಗ್ಗೆ ನಂದಿನಿ ಲೇಔಟಿನ ಅವರ ಮನೆ ಮುಂದೆ ಶಾಮಿಯಾನ, ಮೈಕು, 'ಪ್ರಥಮ ಏಕಾಂಗಿ ಪ್ರಯಾಣ: ಚಾಲನಾ ಸಮಾರಂಭ' ಅಂತ ಬ್ಯಾನರು. ಹಸಿರು ಬಾವುಟ ತೋರಿಸಲು ಮತ್ತೆ ಅದೇ ಯುವ ನಾಯಕರು. ಕ್ಲಬ್ಬಿನವರೂ ಕೇಂದ್ರದ ಟೀಚರುಗಳೂ ಪೂರ್ತಿ ಅಲ್ಲೇ. ನಾಯಕರು ಮಾತ್ರ ಬಂದಿರಲಿಲ್ಲ. ಅಧ್ಯಕ್ಷರು "ಹಲೋ, ಮೈಕ್ ಟೆಸ್ಟಿಂಗ್" ಅನ್ನುತ್ತಿದ್ದರು, ನಾವು ಚೌಚೌ ಬಾತ್ ತಿನ್ನುತ್ತಿದ್ದೆವು.

ನಾಯಕರು ಬಂದರು. ಬಾವುಟ ಎತ್ತಿದರು. "ಎಲ್ಲಿ ಅವರು?"

ಸಾಹೇಬರು ತಮ್ಮ ಸಮಯಕ್ಕೆ ಸರಿಯಾಗಿ ಶಾಮಿಯಾನದ ಹಿಂದಿನಿಂದ ಹೊರಟುಹೋಗಿದ್ದರು. ಒಬ್ಬರೂ ನೋಡಿರಲಿಲ್ಲ.

"ಫೋನ್ ಮಾಡಿ ವಾಪಸ್ ಕರೀರಿ, ಫೋಟೋ ಆದ್ಮೇಲೆ ಹೋಗ್ಲಿ" ಅಂದರು ಅಧ್ಯಕ್ಷರು.

"ಬೇಡ, ಹೋಗ್ಲಿ ಬಿಡ್ರಿ" ಅಂದರು ತಾಯಿ. ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅಷ್ಟರಲ್ಲಿ ಅದೇ ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದರು.

"ಅಮ್ಮಾ, ತಲುಪಿದೆ. ಇಲ್ಲಿ ಬೀಗ ಹಾಕಿದೆ. ಯಾರೂ ಇಲ್ಲ."

ಟೀಚರುಗಳು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಜೇಬು ಮುಟ್ಟಿಕೊಂಡರು. ಝಣ್ ಅಂತು. ಕೇಂದ್ರ ಇವತ್ತು ತಡ ಅಂತ ಎಲ್ಲರ ಮನೆಗೂ ತಿಳಿಸಿದ್ದೆವು, ಸಾಹೇಬರೊಬ್ಬರನ್ನು ಬಿಟ್ಟು.

ಯಾವ ಗಳಿಗೆಗೆ ತಾಯಿ ಹೆದರಿದ್ದರೋ ಅದನ್ನು ನಾವೇ ತಂದಿಟ್ಟಿದ್ದೆವು. ನಾನು ತಟ್ಟೆ ಕೆಳಗಿಟ್ಟೆ.

"ಏನ್ ಮಾಡ್ತಿದೀಯಪ್ಪಾ?" ಅಂದರು ತಾಯಿ, ಬಹಳ ಮೆಲ್ಲಗೆ.

"ಮೊದಲು ಕಿವಿ ಮುಚ್ಕೊಂಡು ನಿಂತಿದ್ದೆ. ಈಗ ಪಕ್ಕದ ಅಂಗಡೀಲಿ ಟೀ ಕುಡೀತಿದೀನಿ. ಬೀಗದ ಕೈ ಕಳಿಸಿ."

ತಾಯಿ ಅಳುತ್ತಲೇ ನಕ್ಕರು. ಆದರೆ ಬೀಗದ ಕೈ ಕಳಿಸುವುದು ಹೇಗೆ? ಅಧ್ಯಕ್ಷರ ಕಾರಿಗೆ ನಾಯಕರ ಕಾರು ಅಡ್ಡ ನಿಂತಿತ್ತು, ನಾಯಕರ ಡ್ರೈವರು ಕಾಫಿಗೆ ಹೋಗಿದ್ದ. ಬೀಗದ ಕೈಯನ್ನು ಬೇರೆಯವರಿಗೆ ಕೊಡಲು ಅಧ್ಯಕ್ಷರು ಸಿದ್ಧರಿರಲಿಲ್ಲ. "ಮೆಟ್ರೋದಲ್ಲಿ ನಾನೇ ಹೋಗ್ತೀನಿ. ಅದೇನು ಮಹಾ!" ಅಂದರು. ನಾಯಕರು ಕೊನೆಗೂ ಬಾವುಟ ಬೀಸಿದರು, ಕ್ಯಾಮೆರಾ ಕ್ಲಿಕ್ಕಿಸಿತು, ಅಧ್ಯಕ್ಷರು ಬ್ಯಾನರಿನ ಕೆಳಗಿಂದ ಏಕಾಂಗಿಯಾಗಿ ಹೊರಟರು.

ಸ್ವಲ್ಪ ಹೊತ್ತಿಗೆ ತಾಯಿಯ ಫೋನಿಗೆ ಮೆಜೆಸ್ಟಿಕ್‌ನಿಂದ ಅಧ್ಯಕ್ಷರ ಕರೆ. "ಮೇಡಂ, ಇಲ್ಲಿ ಮೇಲೂ ರೈಲು, ಕೆಳಗೂ ರೈಲು! ಯಾರನ್ನ ಕೇಳಿದ್ರೂ ಕಿವೀಲಿ ವೈರು! ನನಗೆ ಬೆವರ್ತಾ ಇದೆ!"

ತಾಯಿ ಒಂದು ಕ್ಷಣವೂ ಯೋಚಿಸಲಿಲ್ಲ. "ಸಾರ್, ಅಲ್ಲೇ ನಿಂತಿರಿ. ಎಲ್ಲೂ ಹೋಗ್ಬೇಡಿ. ನನ್ನ ಮಗನ್ನ ಕಳಿಸ್ತೀನಿ" ಅಂದವರೇ ಮಗನಿಗೆ ಹೇಳಿದರು. ಆಮೇಲೆ ತಟ್ಟೆ ತೆಗೆದುಕೊಂಡು, ಎರಡು ಸೌಟು ಉಪ್ಪಿಟ್ಟು ಹಾಕಿಸಿಕೊಂಡು, ನಿಧಾನವಾಗಿ ತಿಂದರು. ಕೈ ತೊಳೆದು ಬಂದು ಮಗನಿಗೆ ಫೋನ್ ಮಾಡಿದರು.

"ಎಲ್ಲಿದೀಯಪ್ಪಾ?"

"ಮೆಟ್ರೋದಲ್ಲಿ. ಸಾರ್ ಸಿಕ್ಕಿದ್ರು. ನನ್ನ ಕೈ ಹಿಡ್ಕೊಂಡಿದಾರೆ. ಬಿಡಿ ಅಂದ್ರೆ ಬಿಡ್ತಾ ಇಲ್ಲ."