ಕೇಳೋಕೆ ಎಂಟು, ಎಣಿಸೋಕೆ ಒಂಬತ್ತು

ಶೀಲ್ಡು, ಕಪ್ಪು, ಮೊಮೆಂಟೊ ಮಾಡಿಕೊಡುವ ಅಂಗಡಿಯಲ್ಲಿ ಕೂತವನು ನಗುವುದಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿಯೇ ಮೆಟ್ಟಿಲು ಹತ್ತಿ ಬಂದು, ಸ್ಟೂಲು ಎಳೆದುಕೊಂಡು ಕೂರುತ್ತದೆ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹಿತ್ತಾಳೆ ತಗಡಿನ ಮೇಲೆ ಊರವರ ಹೆಸರು ಕೆತ್ತುತ್ತಿದ್ದೇನೆ. ಮೊದಲು ಕೈಯಲ್ಲಿ ಕೆತ್ತುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಮೆಷಿನ್ನು ಕೆತ್ತುತ್ತದೆ. ಕೈ ಬದಲಾಯಿತು, ಪದ ಮಾತ್ರ ಬದಲಾಗಲಿಲ್ಲ. ಬಂದವರೆಲ್ಲ ಕೇಳುವುದು ಒಂದೇ ಪದ, 'ಬ್ರಿಲಿಯಂಟ್'.

ಮೊದಲೆಲ್ಲ ಅಂಗಡಿಯಲ್ಲಿ ತಮಾಷೆ ನಡೆದರೆ ಸಂಜೆ ಹೆಂಡತಿಗೆ ಹೇಳುತ್ತಿದ್ದೆ. ಅಂಗಡಿಯ ಹಿಂದೆಯೇ ಮನೆ. ಅವಳು ಕಾಫಿ ಲೋಟ ಕೈಗೆ ಕೊಟ್ಟು, "ಇವತ್ತೇನ್ ಕಥೆ?" ಅಂತ ಕೇಳುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಕಾಫಿಯನ್ನು ನಾನೇ ಮಾಡಿಕೊಳ್ಳುತ್ತೇನೆ, ಸಂಜೆ ಕಥೆ ಕೇಳುವವರು ಯಾರೂ ಇಲ್ಲ. ತಮಾಷೆಯನ್ನು ಒಬ್ಬನೇ ಇಟ್ಟುಕೊಂಡರೆ ಹಳಸಿ ಹೋಗುತ್ತದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಒಂದಿಂಚು ಜಾಸ್ತಿ

ಒಂದು ಇಂಗ್ಲಿಷ್ ಮೀಡಿಯಂ ಶಾಲೆಯ ಹೆಡ್ ಮೇಡಂ ಬಂದರು. ಯುಕೆಜಿ ಮಕ್ಕಳಿಗೆ ನಲವತ್ತು ಶೀಲ್ಡು ಬೇಕು, ಎಲ್ಲದರ ಮೇಲೂ 'ತರಗತಿಯ ಅತಿ ಬ್ರಿಲಿಯಂಟ್ ವಿದ್ಯಾರ್ಥಿ' ಅಂತ ಇರಬೇಕು ಅಂದರು.

"ಮೇಡಂ, ತರಗತೀಲಿ ಎಷ್ಟು ಮಕ್ಳು?"

"ನಲವತ್ತು."

"ಅತಿ ಅಂದ್ರೆ ಒಬ್ರೇ ಅಲ್ವಾ ಮೇಡಂ?"

"ನೀವು ಪೇರೆಂಟ್ಸ್ ಮೀಟಿಂಗಿಗೆ ಬಂದಿಲ್ಲ, ಅದಕ್ಕೇ ಹಿಂಗ್ ಮಾತಾಡ್ತೀರ" ಅಂದರು.

ಕೆತ್ತಿಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಬಂದರು. ಒಬ್ಬ ಹುಡುಗಿಯ ಅಪ್ಪ ಜಗಳಕ್ಕೆ ನಿಂತಿದ್ದಾನಂತೆ. ಎಲ್ಲರಿಗೂ ಕೊಟ್ಟಿದ್ದೀರ, ಸರಿ, ಆದರೆ ನಮ್ಮವಳು ಉಳಿದವರಿಗಿಂತ ಬ್ರಿಲಿಯಂಟು, ಅವಳಿಗೆ ಒಂದಿಂಚು ಎತ್ತರದ್ದು ಕೊಡಿ ಅಂತ. ಒಂದಿಂಚು ಎತ್ತರದ್ದು ಒಂದು ಮಾಡಿಕೊಟ್ಟೆ. ಮುಂದಿನ ವಾರ ಆ ಮೇಡಂ ಏನೂ ಮಾತಾಡದೆ ಬಂದು ಸ್ಟೂಲಿನ ಮೇಲೆ ಕೂತರು. ನಾನೂ ಏನೂ ಕೇಳದೆ ಒಂದಿಂಚು ಎತ್ತರದ ಇನ್ನೂ ಮೂವತ್ತೊಂಬತ್ತು ಮರದ ತುಂಡು ತೆಗೆದಿಟ್ಟೆ.

ಗೋಡೆ ಬರಹ

ಈ ಪದವನ್ನು ಕನ್ನಡದಲ್ಲಿ ಬರೆಸಿ ಅಂತ ನಾನು ಹೇಳದೆ ಇರುವವನಲ್ಲ. 'ಪ್ರತಿಭಾವಂತ' ಅನ್ನಿ ಅಂದರೆ, ಅದು ಸರ್ಕಾರಿ ಕಾರ್ಯಕ್ರಮದ ಥರ ಕೇಳುತ್ತೆ ಅಂತಾರೆ. 'ಜಾಣ' ಅಂದರೆ ಮಗುವಿಗೆ ಹಾಲು ಕುಡಿಸುವಾಗ ಹೇಳೋದು ಅಂತಾರೆ. 'ಬುದ್ಧಿವಂತ' ಅಂದರೆ ಮುಖವನ್ನೇ ಸಿಂಡರಿಸಿಕೊಳ್ಳುತ್ತಾರೆ. ಅದೂ ನಿಜವೇ. ನಮ್ಮ ಕಡೆ "ನೀನು ಮಹಾ ಬುದ್ಧಿವಂತ ಕಣಪ್ಪಾ" ಅಂದರೆ ಹೊಗಳಿದ್ದೋ ಉಗಿದಿದ್ದೋ ಅನ್ನುವುದು ಎಲ್ಲರಿಗೂ ಗೊತ್ತು. ಬ್ರಿಲಿಯಂಟಿನಲ್ಲಿ ಆ ಭಯವಿಲ್ಲ. ಅದರ ಅರ್ಥ ಯಾರಿಗೂ ಪೂರ್ತಿ ಗೊತ್ತಿಲ್ಲ, ಹಾಗಾಗಿ ಎಲ್ಲರಿಗೂ ಒಪ್ಪುತ್ತದೆ.

ನನ್ನ ಕಷ್ಟವೇ ಬೇರೆ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಎರಡು ಸಲ ಕೈಕೊಟ್ಟವನು ನಾನು. ಹೆಂಡತಿ ಪಿಯುಸಿ ಪಾಸು. ಅಂಗಡಿ ಇಟ್ಟ ಹೊಸದರಲ್ಲಿ ಒಂದು ಕಾಲೇಜಿನ ಇಪ್ಪತ್ತೆರಡು ಶೀಲ್ಡಿನ ಮೇಲೂ ಬ್ರಿಲಿಯಂಟನ್ನು ಒಂದೇ 'ಎಲ್' ಹಾಕಿ ಕೆತ್ತಿಬಿಟ್ಟೆ. ಇಪ್ಪತ್ತೆರಡೂ ವಾಪಸ್ ಬಂದವು. ಅವಳು ಒಂದನ್ನು ಕೈಗೆ ತಗೊಂಡು ನೋಡಿ, "ದಡ್ಡ್ರು ಕಣ್ರೀ ನೀವು" ಅಂದಳು. ಬೈದರೂ ಬಹುವಚನ ಬಿಟ್ಟವಳಲ್ಲ.

ಆಗ ಅವಳ ಅಮ್ಮ, ನಮ್ಮತ್ತೆ, ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಯಲ್ಲೇ ಇದ್ದರು. ಹೊಸಕೋಟೆ ಕಡೆ ಅನುಗೊಂಡನಹಳ್ಳಿಯವರು. ಓದು ಬರಹ ಬಾರದು, ಆದರೆ ಸೊಪ್ಪಿನ ಕಟ್ಟು ಎಣಿಸಿ ಎಣಿಸಿ ಮಾರಿದ ಕೈ, ಲೆಕ್ಕದಲ್ಲಿ ತಪ್ಪುವವರಲ್ಲ. ನಮ್ಮಿಬ್ಬರ ಮಾತು ಕೇಳಿಸಿಕೊಂಡು ಮಗಳನ್ನು ಕೇಳಿದರು, "ಏನೇ ಅದು, ಬಿರ್ಲಿ ಎಂಟು?"

"ತುಂಬಾ ಜಾಣ್ರಿಗೆ ಹಂಗಂತಾರೆ ಕಣಮ್ಮ."

"ಎಂಟು ತಗೊಂಡೋನೇ ಜಾಣ ಆದ್ರೆ, ಹತ್ತಕ್ಕೆ ಹತ್ತು ತಗೊಂಡೋನಿಗೆ ಏನಂತಾರೆ?"

ನನ್ನ ಹೆಂಡತಿ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು ಮಾರ್ಕರ್ ಪೆನ್ನು ತಗೊಂಡು ಕೆತ್ತುವ ಜಾಗದ ಎದುರಿಗಿರುವ ಗೋಡೆಯ ಮೇಲೆ ಆ ಪದವನ್ನು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಳು. ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು, 'ಕೇಳೋಕೆ ಎಂಟು, ಎಣಿಸೋಕೆ ಒಂಬತ್ತು.' ಅಂದರೆ ಕಿವಿಗೆ ಎಂಟು ಅಂತ ಕೇಳಿದರೂ ಅಕ್ಷರ ಒಂಬತ್ತಿರಬೇಕು. ಅಮ್ಮನಿಗೂ ಓದಿ ಹೇಳಿದಳು. ಅಮ್ಮ ಗೋಡೆ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿ, "ಹೂಂ, ಒಂಬತ್ತು" ಅಂತ ಒಪ್ಪಿಗೆ ಕೊಟ್ಟರು.

ಅಂದಿನಿಂದ ಆ ಪದ ಕೆತ್ತುವಾಗೆಲ್ಲ ತಲೆಯೆತ್ತಿ ಗೋಡೆ ನೋಡುತ್ತೇನೆ. ಗೋಡೆಗೆ ಮೂರು ಸಲ ಸುಣ್ಣ ಬಣ್ಣ ಆಯಿತು, ಅಷ್ಟು ಜಾಗ ಬಿಟ್ಟೇ ಹೊಡೆಸಿದ್ದೇನೆ. ಅಕ್ಷರ ಅಲ್ಲೇ ಇದೆ. ದಡ್ಡ ಅನ್ನುವವಳು ಮಾತ್ರ ಇಲ್ಲ. ಇಡೀ ದಿನ ಊರಿನವರನ್ನೆಲ್ಲ ಬ್ರಿಲಿಯಂಟ್ ಮಾಡಿ ಬಾಗಿಲು ಹಾಕಿ ಒಳಗೆ ಹೋದರೆ, ನನ್ನನ್ನು ಒಂದು ಸಲ ದಡ್ಡ ಅನ್ನಲಿಕ್ಕೂ ಒಬ್ಬರಿಲ್ಲವಲ್ಲ ಅನ್ನಿಸುತ್ತದೆ. ಬೈಗುಳಕ್ಕೆ ಹೀಗೆ ಹಂಬಲಿಸಬಹುದು ಅಂತ ನನಗೆ ಗೊತ್ತಿರಲಿಲ್ಲ.

ಎಷ್ಟು ಲೀಟರು

ಮಾಕಳಿದುರ್ಗದ ಕಡೆಯ ರೈತರೊಬ್ಬರು ಬಂದರು. ಅವರ ಹಸು ಡೈರಿಗೆ ಆ ವರ್ಷ ಎಲ್ಲರಿಗಿಂತ ಜಾಸ್ತಿ ಹಾಲು ಹಾಕಿತ್ತಂತೆ. ಡೈರಿಯವರು ಒಂದು ಸ್ಟೀಲ್ ಬಕೆಟ್ ಕೊಟ್ಟು ಕೈತೊಳೆದುಕೊಂಡರು, ಅದು ಸಾಲದು, ನಮ್ಮ ಗೌರಿಗೆ ಒಂದು ಶೀಲ್ಡು ಆಗಬೇಕು ಅಂದರು.

"ಏನಂತ ಬರೀಲಿ?"

"ಬ್ರಿಲಿಯಂಟ್ ಅಂತ."

ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ. "ಯಜಮಾನ್ರೇ, ಹಸೂಗೆ ಹಂಗೆ ಬರೆಯೋದು ಸರಿಯಾಗುತ್ತಾ?" ಅಂದೆ.

ಅವರು ಗಾಜಿನ ಬೀರುವಿನಲ್ಲಿ ತಯಾರಾಗಿ ನಿಂತಿದ್ದ ಒಂದು ಮೂರಡಿ ಶೀಲ್ಡನ್ನು ನೋಡಿದರು. ಅದು ನಮ್ಮ ಕಡೆಯ ಒಬ್ಬ ಮುಖಂಡರ ಹುಟ್ಟುಹಬ್ಬಕ್ಕೆ ಮಾಡಿದ್ದು. "ಅದ್ರಲ್ಲಿ ಏನ್ ಬರ್ದಿದೀರ?"

"ಬ್ರಿಲಿಯಂಟ್ ಲೀಡರ್ ಅಂತ."

"ಅವ್ರು ದಿನಕ್ಕೆ ಎಷ್ಟು ಲೀಟ್ರು ಕೊಡ್ತಾರೆ?"

ನಾನು ಕಂಪ್ಯೂಟರ್ ಮುಂದೆ ಕೂತು ಗೋಡೆ ನೋಡಿಕೊಂಡು ಗೌರಿಗೆ ಒಂಬತ್ತು ಅಕ್ಷರವನ್ನೂ ಕೆತ್ತಿಕೊಟ್ಟೆ.

ಆ ಸಂಜೆ ಒಳಗೆ ಹೋದವನೇ ಅಭ್ಯಾಸಬಲದಿಂದ "ಲೇ, ಇವತ್ತೇನಾಯ್ತು ಗೊತ್ತಾ?" ಅಂದೆ. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಹೋಗಿ ಅದನ್ನು ಬಿಗಿ ಮಾಡಿ ಬಂದು ಕೂತೆ.

ಗಂಡಿನ ವಿಚಾರಣೆ

ಅರಿಶಿನಕುಂಟೆಯಿಂದ ಒಬ್ಬರು ಹುಡುಕಿಕೊಂಡು ಬಂದರು. ಮಗಳಿಗೆ ಗಂಡು ನೋಡಿದ್ದಾರೆ. ಗಂಡಿನ ಮನೆಯಲ್ಲಿ ಟೀವಿ ಪಕ್ಕ ಒಂದು ಶೀಲ್ಡು ಇತ್ತಂತೆ, ಹುಡುಗನ ಹೆಸರು, ಅದರ ಕೆಳಗೆ ಬ್ರಿಲಿಯಂಟ್ ಅಚೀವರ್ ಅಂತ. ಹೆಣ್ಣಿನ ಅಪ್ಪ ಹುಷಾರಿನವರು. ಕಾಫಿ ತರಲು ಗಂಡಿನ ಮನೆಯವರು ಒಳಗೆ ಹೋದಾಗ ಶೀಲ್ಡನ್ನು ತಿರುಗಿಸಿ ನೋಡಿ, ಹಿಂದೆ ಅಂಟಿಸಿದ್ದ ನಮ್ಮ ಅಂಗಡಿಯ ಚೀಟಿಯ ಫೋಟೊ ಹೊಡೆದುಕೊಂಡಿದ್ದರು.

"ಇದನ್ನ ಯಾವ ಕಂಪ್ನಿಯೋರು ಮಾಡ್ಸಿದ್ದು ಸ್ವಾಮಿ? ಹುಡ್ಗ ಏನ್ ಸಾಧನೆ ಮಾಡಿದಾನೆ?"

ನಾನು ಇಕ್ಕಟ್ಟಿಗೆ ಸಿಕ್ಕಿಕೊಂಡೆ. ಆ ಹುಡುಗ ನನಗೆ ನೆನಪಿದ್ದ. ಸುಳ್ಳು ಹೇಳಿದರೆ ಒಂದು ಹೆಣ್ಣಿನ ಬಾಳು, ನಿಜ ಹೇಳಿದರೆ ಒಂದು ಗಂಡಿನ ಮಾನ. ಕೊನೆಗೆ, "ಯಾವ ಕಂಪ್ನಿಯೂ ಅಲ್ಲ. ಆ ಹುಡುಗ್ನೇ ಬಂದು, ಏನ್ ಬರೀಬೇಕು ಅಂತ ತಾನೇ ಹೇಳಿ, ಮಾಡಿಸ್ಕೊಂಡ್ ಹೋದ" ಅಂದೆ.

ಅವರು ಫೋನು ಜೇಬಿಗೆ ಹಾಕಿಕೊಂಡು ಎದ್ದು ನಿಂತರು. ಮದುವೆ ಮುರಿದುಬಿತ್ತು ಅಂತಲೇ ನಾನಂದುಕೊಂಡೆ. ಆಮೇಲೆ ಮೆಲ್ಲಗೆ ತಲೆಯಾಡಿಸಿ, "ಯಾರೂ ಕೊಡಲ್ಲ ಅಂತ ಗೊತ್ತಾದ್ಮೇಲೆ ಸುಮ್ನೆ ಕೂರ್ದೆ ತಾನೇ ಹೋಗಿ ತಗೊಂಡಿದಾನೆ ಅಂದ್ರೆ, ಬ್ರಿಲಿಯಂಟೇ ಕಣ್ರೀ" ಅಂದರು.

ಮದುವೆಗೆ ನನ್ನನ್ನೂ ಕರೆದಿದ್ದರು. ಹೋದೆ. ಊಟಕ್ಕೆ ಕೂತಾಗ ಬಡಿಸುವವನು ಪಕ್ಕದ ಖಾಲಿ ಎಲೆ ತೋರಿಸಿ, "ಮನೆಯೋರು ಬರ್ತಾರಾ ಸಾರ್?" ಅಂದ. ಇಲ್ಲ ಅಂದೆ. ಅವನು ಆ ಎಲೆಯ ಪಾಲಿನ ಹೋಳಿಗೆಯನ್ನೂ ನನ್ನ ಎಲೆಗೇ ಹಾಕಿ ಮುಂದೆ ಹೋದ.

ಸರ್‌ಪ್ರೈಸು

ಇದು ಆರೇಳು ತಿಂಗಳ ಹಿಂದೆ ನಡೆದದ್ದು. ನಮ್ಮ ಬೀದಿಯ ವರ್ತಕರ ಸಂಘದ ಕಾರ್ಯದರ್ಶಿ ಬಂದರು. ಎದುರು ಸಾಲಿನಲ್ಲೇ ಬಟ್ಟೆ ಅಂಗಡಿ ಅವರದು.

"ಒಂದು ಶೀಲ್ಡ್ ಬೇಕಿತ್ತು. ದೊಡ್ಡದೇ ಇರ್ಲಿ."

"ಯಾರ್ಗೆ?"

"ಅದು ಹೇಳಂಗಿಲ್ಲ. ಸನ್ಮಾನ ಮಾಡ್ತಿದೀವಿ, ಅವ್ರಿಗೆ ಸರ್‌ಪ್ರೈಸು."

"ಹೆಸ್ರಿಲ್ದೆ ಹೆಂಗ್ರೀ ಕೆತ್ಲಿ?"

ಅವರು ಯೋಚನೆ ಮಾಡಿದರು. ಆಮೇಲೆ ಒಂದು ಚೀಟಿಯಲ್ಲಿ ಏನೋ ಬರೆದು, ನಾಲ್ಕು ಮಡಿಕೆ ಮಡಚಿ ನನ್ನ ಕೈಗಿಟ್ಟು ಹೇಳಿದರು, "ನೀವು ಓದ್ಬೇಡಿ. ಸುಮ್ನೆ ಕೆತ್ಬಿಡಿ."

ಅವರು ಹೋದ ಮೇಲೆ ಚೀಟಿ ಬಿಡಿಸಿದೆ. ನನ್ನದೇ ಹೆಸರು. ಕೆಳಗೆ 'ಬ್ರಿಲಿಯಂಟ್' ಅಂತ ಕನ್ನಡದಲ್ಲಿ ಬರೆದು, ಪಕ್ಕದಲ್ಲಿ 'ಇದು ಇಂಗ್ಲಿಷಿನಲ್ಲಿ, ದೊಡ್ಡಕ್ಷರದಲ್ಲಿ, ಒಂದೇ ಸಾಲಿನಲ್ಲಿ ಬರಲಿ' ಅಂತ ಸೂಚನೆ.

ಇಪ್ಪತ್ತೆಂಟು ವರ್ಷದಲ್ಲಿ ಆ ಪದವನ್ನು ಎಷ್ಟು ಜನರಿಗೆ ಹಚ್ಚಿದ್ದೇನೋ, ನನ್ನ ಹೆಸರಿನ ಕೆಳಗೆ ಟೈಪ್ ಮಾಡಲು ಹೋದಾಗ ಕಿವಿ ಬಿಸಿಯಾಯಿತು. ಎದುರು ಗೋಡೆಯಲ್ಲಿ ಅವಳ ಅಕ್ಷರ. ಅವಳು ನೋಡಿ ನಕ್ಕುಬಿಡುತ್ತಾಳೆ ಅನ್ನಿಸಿ, ಕೀಬೋರ್ಡನ್ನು ಈ ಕಡೆ ಎಳೆದುಕೊಂಡು ಗೋಡೆಗೆ ಬೆನ್ನು ಹಾಕಿ ಕೂತೆ. ಬೇಗ ಬೇಗ ಟೈಪ್ ಮಾಡಿ, ಕೆತ್ತಿಸಿ, ಸರಿಯಾಗಿ ನೋಡಲೂ ನಾಚಿಕೆಯಾಗಿ ಕಾಗದ ಸುತ್ತಿ ಟೇಪು ಬಿಗಿದುಬಿಟ್ಟೆ.

ಸನ್ಮಾನದ ದಿನ ವೇದಿಕೆಯ ಮೇಲೆ ನನ್ನ ಹೆಸರು ಕೂಗಿದರು. ನಾನು ಕಣ್ಣರಳಿಸಿ, ಎದೆಯ ಮೇಲೆ ಕೈಯಿಟ್ಟು, ನಾನೇನಾ ಅನ್ನುವ ಹಾಗೆ ಅತ್ತಿತ್ತ ನೋಡಿದೆ. ಶಾಲು ಹೊದಿಸಿ ಪೇಟ ಇಟ್ಟರು. ಅಧ್ಯಕ್ಷರು ಶೀಲ್ಡಿನ ಕಾಗದ ಬಿಚ್ಚಲು ಹೊರಟರು, ಟೇಪು ಬಿಡಲೇ ಇಲ್ಲ. ಉಗುರಿನಲ್ಲಿ ಕೆರೆದರು, ಹಲ್ಲಿನಲ್ಲೂ ಕಚ್ಚಿ ನೋಡಿದರು. ಕೊನೆಗೆ ನಾನೇ ಹೋಗಿ, "ಈ ಕಡೆ ಒಂದು ತುದಿ ಬಿಟ್ಟಿದೀನಿ ಸಾರ್" ಅಂತ ಮೈಕಿನ ಮುಂದೆಯೇ ಹೇಳಿ ಬಿಚ್ಚಿಕೊಟ್ಟೆ. ಸಭೆಯೆಲ್ಲ ನಕ್ಕಿತು, ಸರ್‌ಪ್ರೈಸು ಅಲ್ಲಿಗೆ ಮುಗಿಯಿತು. ಎಲ್ಲರೂ ಶೀಲ್ಡು ನೋಡಿದರು, ಫೋಟೊ ತೆಗೆದರು, ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಪೇಟ ತೆಗೆದು ಮಂಚದ ಮೇಲಿಟ್ಟೆ. ಶೀಲ್ಡನ್ನು ಎಲ್ಲಿ ಇಡುವುದು ಅಂತ ಗೊತ್ತಾಗಲಿಲ್ಲ. ತೋರಿಸುವವರಿಲ್ಲದ ಮನೆಯಲ್ಲಿ ಎಲ್ಲಿಟ್ಟರೂ ಒಂದೇ. ಆಗ ಅತ್ತೆಯ ನೆನಪಾಯಿತು. ಹೆಂಡತಿ ಹೋದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಅವರ ದನಿ ಥೇಟ್ ಮಗಳ ದನಿಯೇ, ಕೇಳಲು ಧೈರ್ಯ ಸಾಲದೆ ತಪ್ಪಿಸಿಕೊಂಡು ತಿರುಗುತ್ತಿದ್ದೆ.

ಭಾನುವಾರ ಶೀಲ್ಡನ್ನು ಬ್ಯಾಗಿಗೆ ಹಾಕಿಕೊಂಡು, ಹೊಸಕೋಟೆಯಲ್ಲಿ ಬಸ್ಸು ಬದಲಾಯಿಸಿ ಅನುಗೊಂಡನಹಳ್ಳಿಗೆ ಹೋದೆ. ಅತ್ತೆ ಜಗಲಿಯ ಮೇಲೆ ದಂಟಿನ ಸೊಪ್ಪು ಬಿಡಿಸುತ್ತಿದ್ದರು. "ಬನ್ನಿ ಅಳಿಯಂದ್ರೇ" ಅಂದರು. ಕೂರುವ ಮೊದಲೇ ಶೀಲ್ಡು ತೆಗೆದು ಅವರ ಮಡಿಲಲ್ಲಿಟ್ಟೆ.

"ಏನಿದು?"

"ನಂಗೆ ಕೊಟ್ರು ಅತ್ತೆ. ಅದೇ, ಬ್ರಿಲಿಯಂಟು ಅಂತ."

"ಬಿರ್ಲಿ ಎಂಟಾ?" ಅವರ ಮುಖ ಅರಳಿತು. ಕೈಯನ್ನು ಸೀರೆಗೆ ಒರೆಸಿಕೊಂಡು ದೊಡ್ಡಕ್ಷರದ ಸಾಲನ್ನು ಹುಡುಕಿ, ಒಂದೊಂದು ಅಕ್ಷರದ ಮೇಲೂ ಉಗುರಿಟ್ಟು ಎಣಿಸತೊಡಗಿದರು. ಕೊನೆಗೆ ಬಂದು ನಿಂತರು. ಮತ್ತೆ ಮೊದಲಿನಿಂದ ಎಣಿಸಿದರು. ತಲೆಯೆತ್ತಿ ನನ್ನನ್ನು ನೋಡಿದರು.

"ಎಂಟೇ ಇರೋದು. ನನ್ ಮಗ್ಳು ಒಂಬತ್ತು ಇರ್ಬೇಕು ಅಂತ ಗೋಡೆ ಮೇಲೆ ಬರ್ದಿರ್ಲಿಲ್ವಾ? ದಡ್ಡ್ರು ಕಣ್ರೀ ನೀವು."

ಅದೇ ದನಿ, ಅದೇ ಬಹುವಚನ. ನಾನು ಜಗಲಿಯ ಮೇಲೆ ಕೂತುಬಿಟ್ಟೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

ಒಳಗಿಂದ ಬಾಮೈದ ಓಡಿ ಬಂದ. "ಅಮ್ಮಾ, ಅಳಿಯಂದ್ರಿಗೆ ಹಂಗನ್ನೋದಾ?"

"ಮರ್ಯಾದೆ ಕೊಟ್ಟೇ ಅಂದಿದೀನಿ ಕಣೋ" ಅಂದರು ಅತ್ತೆ.

ಇನ್ನೊಂದು ಎಲ್ ಸೇರಿಸಿ ಹೊಸ ತಗಡು ಹಾಕುವುದು ನನಗೆ ಹತ್ತು ನಿಮಿಷದ ಕೆಲಸ. ಹಾಕಿಲ್ಲ. ತಿಂಗಳಿಗೊಂದು ಭಾನುವಾರ ಅದೇ ಶೀಲ್ಡನ್ನು ಬ್ಯಾಗಿಗೆ ಹಾಕಿಕೊಂಡು, ದಾರಿಯುದ್ದಕ್ಕೂ ತಿಂಗಳ ಕಥೆಗಳನ್ನು ನೆನಪು ಮಾಡಿಕೊಂಡು ಅನುಗೊಂಡನಹಳ್ಳಿಗೆ ಹೋಗುತ್ತೇನೆ. ಅತ್ತೆ ಕಾಫಿ ಕೊಟ್ಟು, ಕಥೆ ಕೇಳಿ, ನಕ್ಕು, ಕೊನೆಗೆ ಶೀಲ್ಡು ಈಸಿಕೊಂಡು ಎಣಿಸುತ್ತಾರೆ.

"ಇನ್ನೂ ಎಂಟೇ ಇದೆಯಲ್ಲ ಅಳಿಯಂದ್ರೇ" ಅನ್ನುತ್ತಾರೆ. ನಾನು ಮುಂದಿನ ಮಾತಿಗಾಗಿ ಕಾಯುತ್ತಾ ಕೂರುತ್ತೇನೆ.